ಕುಬೇರಪ್ಪನ ಉಣ್ಣೆ ಚಪ್ಪಲಿ

ಕಲಬುರಗಿಯಲ್ಲಿ ಉಣ್ಣೆಯ ಚಪ್ಪಲಿ ಇರುವ ಮನೆ ನಮ್ಮದೊಂದೇ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಮೇ ತಿಂಗಳಲ್ಲಿ ನಮ್ಮ ಅಂಗಳದ ಫರಸಿ ಕಲ್ಲಿನ ಮೇಲೆ ಹಪ್ಪಳ ಹಾಕಿದರೆ ಅದು ಒಣಗುವುದಿಲ್ಲ, ಸುಟ್ಟೇ ಬರುತ್ತದೆ. ಅಂಥ ಊರಿನಲ್ಲಿ, ನಮ್ಮ ಬಾಗಿಲ ಬದಿಯ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿ, ಬೂದು ಬಣ್ಣದ ದಪ್ಪ ಉಣ್ಣೆಯ ಚಪ್ಪಲಿ ಜೋಡೊಂದು ವರ್ಷವಿಡೀ ಆರಾಮಾಗಿ ಕೂತಿರುತ್ತದೆ. ಯಾರೂ ಅದನ್ನು ಹಾಕಿಕೊಳ್ಳುವುದಿಲ್ಲ. ಯಾರೂ ಎತ್ತಿಡುವುದೂ ಇಲ್ಲ. ವಾರಕ್ಕೊಮ್ಮೆ ನಾನೇ ಧೂಳು ಝಾಡಿಸಿ ಮತ್ತೆ ಅಲ್ಲೇ ಇಡುತ್ತೇನೆ.

ಮನೆಗೆ ಬಂದವರು ಅದನ್ನು ನೋಡಿ ತಮಗೆ ಗೊತ್ತಿದ್ದ ರೋಗಗಳನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ಪಕ್ಕದ ಮನೆಯ ಸಿದ್ದಣ್ಣ ಮೊದಲ ಸಲ ನೋಡಿದಾಗ, "ಸಕ್ಕರಿ ಕಾಯಿಲಿಗಿ ಡಾಕ್ಟರು ಬರಕೊಟ್ಟಾರೇನ್ರಿ ಸರ?" ಎಂದ. ಅವನ ಹೆಂಡತಿ ಶಕುಂತಲಾ, "ಇಲ್ರಿ, ಅದು ವಾಯು ಇದ್ದವರಿಗಿ ಕೊಡ್ತಾರ" ಎಂದು ತಿದ್ದಿದಳು. ಫಾರಿನ್ನಿನದು ಎಂದೆ. "ಫಾರಿನ್ ಮಾಲು ಅಂದ್ರ ಹಾಕ್ಕೋಬೇಕಲ್ರಿ ಮತ್ತ!" ಎಂದು ಸಿದ್ದಣ್ಣ ತನ್ನ ಕಾಲನ್ನೇ ಅಳತೆಗೆ ಮುಂದೆ ಚಾಚಿದ.

"ಅವು ನನ್ನವಲ್ಲಪಾ. ವಾಪಸ್ ಕೊಡಬೇಕು."

"ಯಾವಾಗ್ರಿ?"

ಆ ಚಪ್ಪಲಿಯ ಒಡೆಯರನ್ನು ನಾನು ಇನ್ನೊಮ್ಮೆ ಹೋಗಿ ಮಾತಾಡಿಸಿ ಬರಬೇಕಿತ್ತು. ಆ ಒಂದು ಭೇಟಿ ಬಾಕಿ ಉಳಿದಿತ್ತು, ಮತ್ತು ಅವರ ಮನೆ ಜಗತ್ ಸರ್ಕಲ್ಲಿನಿಂದ ಆಟೋ ಹಿಡಿದು ಹೋಗುವಷ್ಟು ಹತ್ತಿರದಲ್ಲಿರಲಿಲ್ಲ.

ಕತೆ ನನ್ನ ಹೆಂಡತಿಯಿಂದ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ದೊಡ್ಡ ಸಂಗತಿಗಳೆಲ್ಲ ಅವಳಿಂದಲೇ ಶುರುವಾಗುವುದು. ಮಹಾನಂದಾ ತೊಗರಿ ಬೆಳೆಯ ರೋಗಗಳ ವಿಜ್ಞಾನಿ. ತೊಗರಿ ಗಿಡದ ಎಲೆ ಒಂಚೂರು ಬಾಡಿದರೂ ಅದರ ಬೇರು, ಕಾಂಡ, ಮಣ್ಣು ಎಲ್ಲವನ್ನೂ ತಪಾಸಣೆ ಮಾಡಿ ಹದಿನಾರು ಪುಟದ ವರದಿ ಬರೆಯುತ್ತಾಳೆ. ನಾನು ಜ್ವರ ಬಂದು ಮಲಗಿದರೆ, "ಬಿಸಿನೀರು ಕುಡೀರಿ" ಅಷ್ಟೇ. ನನ್ನ ಪುಣ್ಯ, ನಾನು ಬೆಳೆಯಲ್ಲ. ಕಾಲೇಜೊಂದರ ಆಫೀಸಿನಲ್ಲಿ ಹೆಡ್ ಕ್ಲರ್ಕ್. ತೊಗರಿಯನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗದ ಬೆನ್ನು ಇಪ್ಪತ್ತು ವರ್ಷ ಹತ್ತಿದ ಮೇಲೆ ಅವಳಿಗೆ ಚೆಕ್ ದೇಶದ ಓಲೊಮೌತ್ಸ್ ಎಂಬ ಊರಿನ ಪ್ರಯೋಗಾಲಯದಿಂದ ಆರು ವಾರಗಳ ಮಟ್ಟಿಗೆ ಕರೆ ಬಂತು. ಜೊತೆಗೆ ಒಬ್ಬರನ್ನು ಕರೆತರಬಹುದು ಎಂದು ಬರೆದಿದ್ದರು. ಆ ಒಬ್ಬರು ನಾನು.

ಆಫೀಸಿನಲ್ಲಿ ಸುದ್ದಿ ಹಬ್ಬಿತು. "ಸಾಹೇಬ್ರ, ಫಾರಿನ್ನಿಗಿ ಹೊಂಟೀರಂತ, ಏನ್ ಕೆಲಸದ ಮ್ಯಾಲ್ರಿ?" ಎಂದು ಒಬ್ಬೊಬ್ಬರೇ ಬಂದು ಕೇಳಿದರು. "ನಮ್ಮ ಮನಿಯವ್ರ ಜೋಡಿ" ಎಂದೆ. ಎಲ್ಲರೂ ಫ್ಯಾನಿನ ಕಡೆ ನೋಡಿದರು. ಹೆಂಡತಿ ಗಂಡನ ಜೊತೆ ಹೋದರೆ ಅದು ವಿದೇಶ ಪ್ರವಾಸ. ಗಂಡ ಹೆಂಡತಿಯ ಜೊತೆ ಹೋದರೆ ಬರೀ ಗಳಿಕೆ ರಜೆ. ಆದರೂ ಹಾರ ಹಾಕಿದರು. ಹಾರ ನನ್ನ ಕೊರಳಲ್ಲಿದ್ದರೂ ಭಾಷಣವೆಲ್ಲ ಅವಳ ಬಗ್ಗೆಯೇ ಇತ್ತು.

ಓಲೊಮೌತ್ಸ್‌ನಲ್ಲಿ ನಮಗೆ ಕೊಟ್ಟ ಮನೆ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಬೀಗದ ಕೈ ಕೊಡಲು ಬಂದ ಪ್ರಯೋಗಾಲಯದ ಕಾರ್ಯದರ್ಶಿ ಹೆಣ್ಣುಮಗಳು ಗ್ಯಾಸು, ನಲ್ಲಿ, ಕಸದ ಐದು ಡಬ್ಬಿ ಎಲ್ಲ ತೋರಿಸಿ, ಕೊನೆಗೆ ದನಿ ಇಳಿಸಿ ಒಂದು ಮಾತು ಹೇಳಿದಳು. ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ವಯಸ್ಸಾದವರಿದ್ದಾರೆ, ಅವರಿಗೆ ಗದ್ದಲ ಆಗುವುದಿಲ್ಲ. ಈ ಹಿಂದೆ ಇಲ್ಲಿದ್ದ ಅತಿಥಿಗಳ ಮೇಲೆ ಅವರು ದೂರು ಕೊಟ್ಟು, ಅತಿಥಿಗಳು ಮೂರೇ ದಿನದಲ್ಲಿ ಮನೆ ಬಿಡಬೇಕಾಯಿತು. ಅವಳು ಹೋದ ಮೇಲೆ ಮಹಾನಂದಾ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಎದುರಿಗೆ ನಿಂತಳು.

"ನೋಡ್ರಿ, ಇಪ್ಪತ್ತು ವರ್ಷಕ್ಕ ಒಂದು ಸರ್ತಿ ಸಿಕ್ಕಾದ ನನಗ. ಇರೋದು ಆರೇ ವಾರ. ಮನಿ ಹುಡುಕೋದ್ರಾಗ ಒಂದು ವಾರ ಹೋದ್ರ ನನ್ನ ಪ್ರಯೋಗ ಅರ್ಧಕ್ಕ ನಿಂದರ್ತದ. ಆ ಕೆಳಗಿನವರ ತಂಟಿಗಿ ಮಾತ್ರ ಹೋಗಬ್ಯಾಡ್ರಿ."

"ನಾ ಏನ್ ತಂಟಿ ಮಾಡ್ತೀನಿ ಮಹಾನಂದಾ?"

"ನೀವು ಮಾತಾಡ್ತೀರಿ" ಎಂದಳು.

ಎರಡು ವಾರ ಬೆಕ್ಕಿನಂತೆ ನಡೆದೆ. ಆ ಊರೂ ಹಾಗೇ ಇತ್ತೆನ್ನಿ. ಟ್ರಾಮು ಬಂದರೂ ಸದ್ದಿಲ್ಲ, ಹೋದರೂ ಸದ್ದಿಲ್ಲ. ಹಾರನ್ ಎಂಬ ವಸ್ತುವನ್ನು ಗಾಡಿಗಳಿಗೆ ಏಕೆ ಹಚ್ಚಿದ್ದಾರೆಂದು ಅಲ್ಲಿಯವರಿಗೆ ಗೊತ್ತೇ ಇರಲಿಲ್ಲ. ರಸ್ತೆಯಲ್ಲಿ ಒಂದೂ ಗಾಡಿ ಇರುವುದಿಲ್ಲ, ಆದರೂ ಹತ್ತು ಜನ ಕೆಂಪು ದೀಪ ನೋಡುತ್ತ ಕೈಕಟ್ಟಿ ನಿಂತಿರುತ್ತಾರೆ. ಜಗತ್ ಸರ್ಕಲ್ಲಿನಲ್ಲಿ ಬಸ್ಸು, ಟಂಟಂ, ಎಮ್ಮೆ, ಮದುವೆ ಮೆರವಣಿಗೆ ನಾಲ್ಕನ್ನೂ ಒಟ್ಟಿಗೆ ದಾಟಿ ಬೆಳೆದವನು ನಾನು. ಒಂದು ದಿನ ತಾಳ್ಮೆ ಕೆಟ್ಟು ಖಾಲಿ ರಸ್ತೆ ದಾಟಿಬಿಟ್ಟೆ. ನಾಯಿ ಹಿಡಿದುಕೊಂಡು ನಿಂತಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿದಳು. ನಾಯಿಯೂ ನೋಡಿತು. ನಾಯಿಯ ನೋಟದಲ್ಲಿ ಹೆಚ್ಚು ಬೇಸರವಿತ್ತು.

ಆ ಊರಿನ ಹೆಮ್ಮೆಯ ತಿನಿಸು ಒಂದು ಬಗೆಯ ಚೀಸು. ಅದರ ವಾಸನೆಯನ್ನು ವರ್ಣಿಸಲು ನನಗೆ ಮನಸ್ಸಿಲ್ಲ, ನೀವು ಊಟ ಮಾಡಿ ಓದುತ್ತಿರಬಹುದು. ಅದನ್ನು ಅವರು ಬೀದಿಯಲ್ಲಿ ಕೂತು ನಗುನಗುತ್ತ ತಿನ್ನುತ್ತಾರೆ. ನಾವು ಮಾತ್ರ ಬೆಳ್ಳುಳ್ಳಿ ಒಗ್ಗರಣೆ ಕೊಡುವಾಗ ಮೂರು ಕಿಟಕಿ ತೆರೆದು, ಬಾಗಿಲಿನ ಸಂದಿಗೆ ಟವೆಲ್ಲು ತುರುಕಿ, ಕಳ್ಳರ ಹಾಗೆ ಸಾರು ಮಾಡುತ್ತಿದ್ದೆವು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದಿತ್ತು. ಕಲಬುರಗಿಯಲ್ಲಿ ನಾನು ಮನೆಯಿಂದ ಹೊರಟು ಓಣಿಯ ತುದಿ ಮುಟ್ಟುವಷ್ಟರಲ್ಲಿ ಐದು ಜನ "ಎಲ್ಲಿಗಿ ಹೊಂಟೀರಿ?" ಎಂದು ಕೇಳುತ್ತಾರೆ. "ಇಲ್ಲೇ" ಎನ್ನುತ್ತೇನೆ. ಕೇಳಿದವರಿಗೂ ಅಷ್ಟೇ ಸಾಕು. ಓಲೊಮೌತ್ಸ್‌ನಲ್ಲಿ ಎರಡು ವಾರ ಯಾರೊಬ್ಬರೂ ನನ್ನನ್ನು ಎಲ್ಲಿಗೆ ಹೊರಟಿದ್ದೀಯಪ್ಪ ಎಂದು ಕೇಳಲಿಲ್ಲ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ, ಅದು ಬೇರೆ ಮಾತು. ಬೆಳಿಗ್ಗೆ ಮಹಾನಂದಾ ಪ್ರಯೋಗಾಲಯಕ್ಕೆ ಹೋದಳೆಂದರೆ ಸಂಜೆಯವರೆಗೆ ನನ್ನ ಬಾಯಿ ಬರೀ ತಿನ್ನುವ ಕೆಲಸಕ್ಕೆ ಉಳಿಯುತ್ತಿತ್ತು. ದಿನಕ್ಕೊಂದು ಸಲ ಅಂಗಡಿಗೆ ಹೋಗಿ ಬಾಳೆಹಣ್ಣು ತರುತ್ತಿದ್ದೆ. ಎಲ್ಲ ಒಂದೇ ಅಳತೆ, ಒಂದೇ ಹಳದಿ, ಮೈಮೇಲೆ ಚೀಟಿ. ಸಮವಸ್ತ್ರ ಹಾಕಿ ನಿಲ್ಲಿಸಿದ ಶಾಲೆ ಮಕ್ಕಳ ಹಾಗೆ ಕಾಣುತ್ತಿದ್ದವು. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವನಿಗೆ ಅವು ಹಣ್ಣೆಂದು ಒಪ್ಪಲು ಕಷ್ಟ.

ಕೆಳಗಿನ ಮನೆಯವರನ್ನು ಮೆಟ್ಟಿಲ ಮೇಲೆ ನಾಲ್ಕೈದು ಸಲ ಕಂಡಿದ್ದೆ. ಎತ್ತರದ, ಸಣಕಲು ಮನುಷ್ಯ. ತಲೆಗೆ ಟೊಪ್ಪಿಗೆ, ಕೈಯಲ್ಲಿ ಜಾಳಿಗೆ ಚೀಲ. "ದೋಬ್ರಿ ದೆನ್" ಎನ್ನುತ್ತಿದ್ದರು, ಅಂದರೆ ನಮಸ್ಕಾರ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಬಾಗಿಲ ಮೇಲೆ ಕುಬಿಚೆಕ್ ಎಂದು ಬರೆದಿತ್ತು. ಮಹಾನಂದಾ ಅವರಿಗೆ ಮೊದಲ ದಿನವೇ ಕುಬೇರಪ್ಪ ಎಂದು ನಾಮಕರಣ ಮಾಡಿ ಮುಗಿಸಿದ್ದಳು.

ಮೂರನೇ ವಾರ ಒಂದು ಮಧ್ಯಾಹ್ನ ಕಟ್ಟಡದ ಮುಂದೆ ಆಂಬುಲೆನ್ಸ್ ಬಂತು. ಅದಕ್ಕೂ ಸದ್ದಿಲ್ಲ. ಕಿಟಕಿಯಿಂದ ನೋಡಿದೆ. ಕುಬೇರಪ್ಪನವರನ್ನು ಕುರ್ಚಿಯಲ್ಲಿ ಕೂಡಿಸಿಕೊಂಡು ಒಯ್ದರು. ಟೊಪ್ಪಿಗೆ ತಲೆಯ ಮೇಲೇ ಇತ್ತು. ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ನಮ್ಮ ಕಡೆ ಆಂಬುಲೆನ್ಸ್ ಬಂದರೆ ಅದು ತಿರುಗಿ ಹೋಗಲು ದಾರಿ ಬಿಡಿಸುವುದಕ್ಕೇ ಹತ್ತು ಜನ ಬೇಕಾಗುತ್ತದೆ, ಅಷ್ಟು ಜನ ಸೇರಿರುತ್ತಾರೆ. ನಾಲ್ಕು ದಿನದ ಮೇಲೆ ಅವರು ಕೋಲು ಹಿಡಿದು ಒಬ್ಬರೇ ವಾಪಸ್ ಬಂದರು. ಆಗಲೂ ಯಾರೂ ಬಂದು ನೋಡಲಿಲ್ಲ. ಒಂದು ದಿನ ಕಾದೆ, ಎರಡು ದಿನ ಕಾದೆ. ಕೆಳಗಿನ ಮನೆಯ ಗಂಟೆಯನ್ನು ಯಾರೂ ಬಾರಿಸಲೇ ಇಲ್ಲ.

ಇಲ್ಲಿ ನನ್ನ ಆಯಿಯ ವಿಷಯ ಹೇಳಲೇಬೇಕು. ಕಮಲಾಪುರದಲ್ಲಿ ನಮ್ಮಪ್ಪನ ತಾಯಿ, ಅಂದರೆ ನನ್ನ ಆಯಿ, ಊರಿನ ಕಾಯಿಲೆಗಳ ಪೂರ್ತಿ ಉಸ್ತುವಾರಿ ವಹಿಸಿಕೊಂಡಿದ್ದಳು. ಯಾರಾದರೂ ಹಾಸಿಗೆ ಹಿಡಿದರೆ, ದವಾಖಾನೆಯಿಂದ ಬಂದರೆ, ಮರುದಿನವೇ ಹೋಗಿ ಮಾತಾಡಿಸಿ ಬರಬೇಕು. ನಮ್ಮದೇ ತೋಟದ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟರೆ ನಾನು ಹಿಂದೆ. ನನಗೆ ರೋಗಿಯ ಮೇಲೆ ಅಂಥ ಕಾಳಜಿಯೇನೂ ಇರಲಿಲ್ಲ. ಮಾತಾಡಿಸಲು ಬಂದವರಿಗೆ ಚುರುಮುರಿಯ ಸುಸಲಾ, ಚಹಾ ಕೊಡುತ್ತಿದ್ದರು. ವಿಷಮಶೀತ ಜ್ವರದ ಮನೆಗಿಂತ ಕಾಲು ಮುರಿದವರ ಮನೆ ಮೇಲು ಎಂಬುದು ನನ್ನ ಅನುಭವ. ಕಾಲು ಬಹಳ ದಿನ ಹಿಡಿಯುತ್ತದೆ.

ಮಾತಾಡಿಸುವುದಕ್ಕೆ ಒಂದು ಪದ್ಧತಿ ಇತ್ತು. ಮೊದಲು ಸುಮ್ಮನೆ ಕೂಡಬೇಕು. ಆಮೇಲೆ "ಹೆಂಗಾಯ್ತು?" ಎನ್ನಬೇಕು. ರೋಗಿ ಮೊದಲಿನಿಂದ ಹೇಳಬೇಕು, ಎಷ್ಟು ಜನ ಬಂದರೂ ಅಷ್ಟು ಸಲ. ಎಲ್ಲ ಕೇಳಿದ ಮೇಲೆ, ಇದೇ ರೋಗ ತಮ್ಮ ಪೈಕಿ ಯಾರಿಗೆ ಬಂದಿತ್ತೆಂದು ಬಂದವರು ಹೇಳಬೇಕು. ಅದನ್ನು ಹೇಳದಿದ್ದರೆ ಭೇಟಿ ಅರ್ಧವಾದಂತೆ. ಇನ್ನು ಯಾರಾದರೂ ತೀರಿಕೊಂಡರಂತೂ ಆ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಬುತ್ತಿ ತರುತ್ತಾರೆ. ಮಾತಾಡಿಸಲು ಬಾರದವರನ್ನು ಆಯಿ ಮರೆಯುತ್ತಿರಲಿಲ್ಲ. "ನನ್ನ ಕಣ್ಣಿನ ಆಪರೇಷನ್ನಿಗಿ ಅಕಿ ಬಂದಿದ್ದಿಲ್ಲ" ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಗೂ ಎದುರಿನ ಮನೆಗೂ ಎರಡು ಮದುವೆಯ, ಒಂದು ತೊಟ್ಟಿಲ ಕಾರ್ಯದ ಕರೆ ತಪ್ಪಿಹೋದವು.

ಅಂಥವಳ ಕೈಯಲ್ಲಿ ಬೆಳೆದವನು, ಕೆಳಗಿನ ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು ಮೂರು ದಿನ ಸುಮ್ಮನಿದ್ದೆ. ಊಟ ರುಚಿಸಲಿಲ್ಲ. ನಾಲ್ಕನೇ ದಿನ, ಅಂದರೆ ಒಂದು ಮಂಗಳವಾರ, ಮಹಾನಂದಾ ಟ್ರಾಮು ಹತ್ತಿದ್ದನ್ನು ಖಾತ್ರಿ ಮಾಡಿಕೊಂಡು, ಸಮವಸ್ತ್ರದ ಬಾಳೆಹಣ್ಣಿನ ಚಿಪ್ಪೊಂದು ಹಿಡಿದು ಕೆಳಗಿಳಿದೆ. ಸಪ್ಪಳವಾಗಬಾರದೆಂದು ಬರಿಗಾಲಲ್ಲೇ ಹೋದೆ. ಕಲ್ಲಿನ ಮೆಟ್ಟಿಲು ಐಸಿನಂತೆ ಕೊರೆಯುತ್ತಿತ್ತು.

ಬಾಗಿಲು ನಾಲ್ಕು ಬೆರಳು ತೆರೆಯಿತು. ಒಳಗಿನಿಂದ ಸರಪಳಿ ಹಾಕಿತ್ತು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಚೆಕ್ ಬಾರದು. ಮಾತನ್ನು ಅನುವಾದಿಸಿ ಹೇಳುವ ಸೌಕರ್ಯ ನನ್ನ ಫೋನಿನಲ್ಲಿತ್ತು. ಆದರೆ ಆ ಫೋನಿಗೆ ನಮ್ಮ ಕಡೆಯ ಕನ್ನಡ ತಿಳಿಯುವುದಿಲ್ಲ. "ಹೆಂಗದೀರಿ?" ಎಂದರೆ ಅದು ಪಿಟ್ಟೆನ್ನದೆ ಕೂಡುತ್ತದೆ. ಹಾಗಾಗಿ ಐವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡದಿದ್ದ ಕನ್ನಡವನ್ನು, ವಾರ್ತೆ ಓದುವವರ ಹಾಗೆ, ಬಾಗಿಲ ಸಂದಿಯಲ್ಲಿ ಶುರುಮಾಡಿದೆ.

"ನಮಸ್ಕಾರ. ತಮ್ಮ ಆರೋಗ್ಯ ಈಗ ಹೇಗಿದೆ?"

ಫೋನು ಅದನ್ನು ಚೆಕ್ಕಿನಲ್ಲಿ ಹೇಳಿತು. ಕುಬೇರಪ್ಪ ಫೋನನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಅಂದರು. ಫೋನು ಗಂಭೀರವಾಗಿ ಕನ್ನಡಕ್ಕೆ ತಂದಿತು: "ನಿಮ್ಮನ್ನು ಯಾರು ಕಳುಹಿಸಿದರು?"

"ಯಾರೂ ಇಲ್ಲ."

"ನಿಮಗೆ ಏನು ಬೇಕು?"

"ಏನೂ ಬೇಡ."

"ಹಾಗಾದರೆ ಏಕೆ ಬಂದಿದ್ದೀರಿ?"

ಕಲಬುರಗಿಯಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ನನಗೆ ತೋಚಿದ್ದನ್ನು ಹೇಳಿದೆ: "ನೀವು ಕೆಳಗಿನ ಮನೆಯಲ್ಲಿದ್ದೀರಿ. ನಿಮಗೆ ಹುಷಾರಿರಲಿಲ್ಲ. ಅದಕ್ಕೆ ಬಂದೆ."

ಅವರ ಕಣ್ಣು ನನ್ನ ಬರಿಗಾಲಿನ ಮೇಲೆ ಬಿತ್ತು. ಬಾಗಿಲು ಮುಚ್ಚಿತು. ಹೋಯಿತು, ಈಗ ದೂರು ಕೊಡಲು ಫೋನು ಎತ್ತುತ್ತಾರೆ, ಮಹಾನಂದಾಳ ಇಪ್ಪತ್ತು ವರ್ಷವನ್ನು ಒಂದು ಚಿಪ್ಪು ಬಾಳೆಹಣ್ಣಿಗೆ ಕಳೆದೆ ಎಂದುಕೊಂಡೆ. ಕೈಕಾಲು ತಣ್ಣಗಾದವು. ಕಾಲು ಮೊದಲೇ ತಣ್ಣಗಾಗಿತ್ತು. ಅಷ್ಟರಲ್ಲಿ ಸರಪಳಿ ತೆಗೆದ ಸದ್ದಾಗಿ ಬಾಗಿಲು ಪೂರ್ತಿ ತೆರೆಯಿತು. ಕುಬೇರಪ್ಪ ಕೋಲೂರಿ ಬಗ್ಗಿ, ಬೂದು ಬಣ್ಣದ ಉಣ್ಣೆ ಚಪ್ಪಲಿಯ ಜೋಡೊಂದನ್ನು ನನ್ನ ಕಾಲ ಮುಂದೆ ಇಟ್ಟರು. ಅಲ್ಲಿಯವರೂ ನಮ್ಮ ಹಾಗೆಯೇ ಬೂಟು ಹೊರಗೆ ಬಿಟ್ಟು ಒಳಗೆ ಬರುತ್ತಾರೆ, ಬಂದವರಿಗೆಂದು ಒಂದು ಜೋಡು ಮನೆ ಚಪ್ಪಲಿ ಇಟ್ಟಿರುತ್ತಾರೆ. ಅದರ ಅಟ್ಟೆ ಒಂಚೂರೂ ಸವೆದಿರಲಿಲ್ಲ. ಆ ಮನೆಗೆ ಯಾರೂ ಬರುತ್ತಿರಲಿಲ್ಲವೆಂದು ನನಗೆ ಆಗ ತಿಳಿಯಿತು.

ಒಳಗೆ ಕೂತು ಆಯಿಯ ಪದ್ಧತಿಯಂತೆ ಮೊದಲು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಈ ವಿದ್ಯೆಯಲ್ಲಿ ಅವರು ನನಗಿಂತ ಮುಂದಿದ್ದರು. ಕಡೆಗೆ ನಾನೇ "ಹೇಗಾಯಿತು?" ಎಂದೆ. ಮೊದಲಿಗೆ ಒಂದು ಶಬ್ದದಲ್ಲಿ "ಹೃದಯ" ಎಂದರು. ಮೊದಲಿನಿಂದ ಹೇಳಿ ಎಂದೆ. ಅವರು ಹುಬ್ಬೇರಿಸಿದರು. ಆಮೇಲೆ ನಿಧಾನಕ್ಕೆ ಹೇಳತೊಡಗಿದರು. ಮಧ್ಯಾಹ್ನ ಕಾಫಿ ಮಾಡುವಾಗ ಎದೆ ಹಿಡಿದದ್ದು, ಕಾಫಿ ಉಕ್ಕಿದ್ದು, ಆಂಬುಲೆನ್ಸಿಗೆ ಫೋನು ಮಾಡಿ ಮೊದಲು ಒಲೆ ಒರೆಸಿದ್ದು. ಅರ್ಧ ಗಂಟೆ ಹೇಳಿದರು. ಯಾರಿಗೂ ಹೇಳಿರದ ಕತೆಯೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎಲ್ಲ ಕೇಳಿ, ಪದ್ಧತಿಯಂತೆ ನನ್ನ ಪಾಲಿನ ಮಾತು ಹೇಳಿದೆ.

"ನಮ್ಮ ಮಾವನಿಗೂ ಹೀಗೆಯೇ ಆಗಿತ್ತು."

ಕುಬೇರಪ್ಪ ಆಸೆಯಿಂದ ಮುಂದೆ ಬಾಗಿದರು. "ಈಗ ಅವರು ಹೇಗಿದ್ದಾರೆ?"

"ತೀರಿಕೊಂಡರು."

ಫೋನು ಅದನ್ನು ಸ್ಪಷ್ಟವಾಗಿ, ಒಳ್ಳೆಯ ಉಚ್ಚಾರದಲ್ಲಿ ಹೇಳಿಬಿಟ್ಟಿತು. ಕಮಲಾಪುರದಲ್ಲಿ ಈ ಮಾತಿಗೆ ಎಲ್ಲರೂ "ಅಯ್ಯೋ ಶಿವನೇ" ಎಂದು ಚಹಾ ಕುಡಿಯುತ್ತಾರೆ. ಇಲ್ಲಿ ಆ ಹೃದಯದ ರೋಗಿ ನನ್ನನ್ನು ಎವೆಯಿಕ್ಕದೆ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಿತು. ಭುಜ ಅಲುಗಿತು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗುತ್ತಲೇ ಎದೆ ಹಿಡಿದುಕೊಂಡರು. ನನಗೆ ಅರ್ಧ ಜೀವ ಹೋಯಿತು. ಅವರು ಬಾಳೆಹಣ್ಣು ಸುಲಿದು ಒಂದು ನನಗೆ ಕೊಟ್ಟು, "ಮುಂದಿನ ಮಂಗಳವಾರ ಬನ್ನಿ, ಬೇರೆ ಸಂಬಂಧಿಕರ ಬಗ್ಗೆ ಹೇಳಿ" ಎಂದರು.

ಮುಂದಿನ ಮಂಗಳವಾರ ಹೋದೆ. ನಡುವೆ ಶುಕ್ರವಾರವೂ ಹೋದೆ. ನಲವತ್ತು ವರ್ಷ ಟ್ರಾಮು ಓಡಿಸಿದವರಂತೆ. ಮದುವೆ ಆಗಲಿಲ್ಲ. ದೂರದ ಊರಲ್ಲಿ ಒಬ್ಬ ತಂಗಿ ಇದ್ದವಳು ಹೋದ ವರ್ಷ ತೀರಿಕೊಂಡಳು. ಮೇಲಿನ ಮನೆಯ ಮೇಲೆ ಏಕೆ ದೂರು ಕೊಟ್ಟಿರಿ ಎಂದು ಧೈರ್ಯ ಮಾಡಿ ಕೇಳಿದೆ. "ಅವರು ಮೂರು ದಿನ ಹಾಡಿದರು, ಕುಣಿದರು, ನನ್ನನ್ನು ಒಮ್ಮೆಯೂ ಕರೆಯಲಿಲ್ಲ" ಎಂದರು. ನನ್ನ ಕಡೆಯಿಂದ ನಾನು ಕಲಬುರಗಿಯನ್ನು ಹೊಗಳಿದ್ದೇ ಹೊಗಳಿದ್ದು. ಇಲ್ಲಿರುವಾಗ ಈ ಊರನ್ನು ನಾನು ಅಷ್ಟು ಹೊಗಳಿದ ನೆನಪಿಲ್ಲ. ರೋಜಾ ಬಡಾವಣೆಯ ದರ್ಗಾದ ಉರುಸಿನ ಗದ್ದಲ, ಕಾಲಿಡಲು ಜಾಗವಿಲ್ಲದ ಜನ ಎಂದಾಗ ಗದ್ದಲ ಆಗದ ಆ ಮನುಷ್ಯ ಬಾಯಿ ತೆರೆದು ಕೇಳುತ್ತಿದ್ದರು. ಬಾಳೆಹಣ್ಣು ಕೆಂಪಗಿರುತ್ತದೆ ಎಂದಾಗ ಮಾತ್ರ ನಂಬಲಿಲ್ಲ. "ಬಣ್ಣ ಬಳಿದಿರುತ್ತಾರೆ" ಎಂದರು.

ಆರನೇ ವಾರದ ಮಂಗಳವಾರ ಮಹಾನಂದಾಳಿಗೆ ರಜೆ ಸಿಕ್ಕಿ, ಇಬ್ಬರೂ ಪ್ರಾಗ್ ನೋಡಲು ಹೋದೆವು. ಮರುದಿನ ಸಂಜೆ ಅವಳು ಪ್ರಯೋಗಾಲಯದಿಂದ ಬಂದವಳು ಕೋಟು ಬಿಚ್ಚದೆ ನಿಂತಳು.

"ಕೆಳಗಿನವರು ಆಫೀಸಿಗಿ ಫೋನ್ ಮಾಡ್ಯಾರ."

ನಾನು ಕುರ್ಚಿ ಹಿಡಿದುಕೊಂಡೆ. "ದೂರೇನು?"

"ದೂರೇ. ಮೇಲಿನವರು ಮಂಗಳವಾರ ಬರಲಿಲ್ಲ, ಸಪ್ಪಳನೂ ಇಲ್ಲ, ಅವರಿಗಿ ಆರಾಮಿಲ್ಲೇನು, ಯಾರಾದ್ರೂ ಹೋಗಿ ನೋಡ್ರಿ ಅಂತ. ಸಪ್ಪಳ ಇಲ್ಲ ಅಂತ ದೂರು ಬಂದದ್ದು ಇದೇ ಮೊದಲಂತ. ಇಡೀ ಆಫೀಸು ನಗಾಕತ್ತದ." ಅವಳು ಕೋಟಿನೊಳಗೇ ಕುಸಿದು ಕೂತಳು. "ಏನ್ ಮಾಡೀರಿ ಖರೆ ಹೇಳ್ರಿ, ಆ ಮನಷ್ಯಾಗ?"

ಖರೆ ಹೇಳಿದೆ, ಮೊದಲಿನಿಂದ. ಮಾವನ ಮಾ‍ತು ಬಂದಾಗ ಮಹಾನಂದಾ ಹಣೆ ಬಡಿದುಕೊಂಡಳು. "ಹೃದಯದ ರೋಗಿ ಮುಂದ ಹಂಗ ಅಂತಾರೇನ್ರಿ!" ಆದರೆ ಮರುದಿನ ಸಂಜೆ ಅವಳೇ ಶೇಂಗಾ ಹೋಳಿಗೆ ಮಾಡಿ, ನನ್ನ ಹಿಂದೆ ಕೆಳಗಿಳಿದು ಬಂದಳು. ಕುಬೇರಪ್ಪ ಅವಳಿಗೆ ತಮ್ಮ ಸ್ವಂತ ಚಪ್ಪಲಿ ಕೊಟ್ಟು ತಾವು ಕಾಲುಚೀಲದಲ್ಲಿ ಓಡಾಡಿದರು. ಹೊರಡುವಾಗ ನಾನು ಉಣ್ಣೆ ಚಪ್ಪಲಿ ಬಿಚ್ಚಲು ಹೋದರೆ ತಡೆದರು. ಮೆಟ್ಟಿಲು ತಣ್ಣಗಿದೆ, ಹಾಕಿಕೊಂಡು ಹೋಗಿ, ಮುಂದಿನ ಸಲ ಬರುವಾಗ ತನ್ನಿ ಎಂದರು.

ಮುಂದಿನ ಸಲ ಬರಲಿಲ್ಲ. ಭಾನುವಾರ ಮತ್ತೆ ಆಂಬುಲೆನ್ಸ್ ಬಂತು. ನಮಗೆ ಊರು ಬಿಡಲು ಎರಡು ದಿನ ಉಳಿದಿತ್ತು. ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು, ಹಣ್ಣು ಹಿಡಿದು, ಎರಡು ಟ್ರಾಮು ಬದಲಾಯಿಸಿ ಆಸ್ಪತ್ರೆಗೆ ಹೋದೆ. ಕೆಂಪು ದೀಪದಲ್ಲಿ ನಿಂತೇ ಹೋದೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿದ್ದ ನರ್ಸ್ ಒಳ್ಳೆಯ ಹುಡುಗಿ, ಇಂಗ್ಲಿಷ್ ಬರುತ್ತಿತ್ತು. "ರೋಗಿಗೆ ನೀವು ಏನಾಗಬೇಕು?" ಎಂದು ಕೇಳಿದಳು.

ಹೆಡ್ ಕ್ಲರ್ಕ್ ಆಗಿ ಅರ್ಜಿಗಳಲ್ಲಿ ಇಂಥ ಕಾಲಮುಗಳನ್ನು ನಾನು ಸಾವಿರ ಸಲ ತುಂಬಿಸಿದ್ದೇನೆ. ಖಾಲಿ ಬಿಟ್ಟವರನ್ನು ಗದರಿಸಿ ವಾಪಸ್ ಕಳಿಸಿದ್ದೇನೆ. ಈಗ ನನ್ನ ಕಾಲಮು ಖಾಲಿ. "ನಾನು ಅವರ ಮೇಲಿನ ಮನೆಯವನು" ಎಂದೆ. ಅವಳು ಪಾಪ, ಪಟ್ಟಿ ನೋಡಿದಳು. ಬಂಧುಗಳನ್ನು ಮಾತ್ರ ಬಿಡುವುದು, ಮೇಲಿನ ಮನೆ ಎಂಬುದು ಬಂಧುತ್ವವಲ್ಲ ಎಂದು ಮೆತ್ತಗೆ ತಿಳಿಸಿದಳು. ಅವರ ಬಂಧುಗಳು ಯಾರೂ ಇಲ್ಲವಲ್ಲ ತಾಯಿ ಎಂದೆ. ಕ್ಷಮಿಸಿ ಎಂದಳು. ಚಪ್ಪಲಿಯನ್ನಾದರೂ ಅವಳ ಕೈಗೆ ಕೊಟ್ಟು ಬರಬಹುದಿತ್ತು. ಕೊಡಲಿಲ್ಲ. ಕೊಟ್ಟರೆ ನಾನು ಇನ್ನು ಬರುವುದಿಲ್ಲ ಎಂದು ಹೇಳಿದಂತಾಗುತ್ತಿತ್ತು. ಅದನ್ನು ಹೇಳಲು ನನಗೆ ಆಗಲಿಲ್ಲ. ಹೀಗೆ ಆ ಜೋಡು ಕಲಬುರಗಿಗೆ ಬಂತು.

ಬಂದ ಮೇಲೆ ಮಹಾನಂದಾ ಎರಡು ಸಲ ಮೇಲ್ ಬರೆದು ವಿಚಾರಿಸಿದಳು. ಮನೆಗೆ ಬಂದಿದ್ದಾರೆ ಎಂದು ಕಾರ್ಯದರ್ಶಿ ತಿಳಿಸಿದ್ದಳು. ಮಹಾನಂದಾಳ ಕೆಲಸ ಪ್ರಯೋಗಾಲಯದವರಿಗೆ ಮೆಚ್ಚುಗೆಯಾಗಿ, ಮುಂದಿನ ವರ್ಷ ಮತ್ತೆ ಕರೆಯುವ ಮಾತಿತ್ತು. ಹಾಗಾದರೆ ಚಪ್ಪಲಿ ಕೈಯಾರೆ ಕೊಟ್ಟರಾಯಿತು, ಒಂದು ಕೆಂಪು ಬಾಳೆಹಣ್ಣೂ ಹೇಗಾದರೂ ಮಾಡಿ ಒಯ್ದು ಮೂಗಿನ ಮುಂದೆ ಹಿಡಿಯೋಣ ಎಂದುಕೊಂಡಿದ್ದೆ. ಮೂರನೇ ಮೇಲನ್ನು ಕಾರ್ಯದರ್ಶಿಯೇ ಕಳಿಸಿದಳು. ಒಂದು ಭಾನುವಾರ ಬೆಳಿಗ್ಗೆ ಮಹಾನಂದಾ ಅದನ್ನು ಓದಿ, ಫೋನನ್ನು ಮಗುಚಿ ಇಟ್ಟಳು.

"ಕುಬೇರಪ್ಪ ತೀರಿಕೊಂಡಾರ್ರಿ. ಹತ್ತು ದಿನ ಆಯ್ತಂತ."

ಎದ್ದು ಅಂಗಿ ಹಾಕಿಕೊಂಡೆ. ಮಾತಾಡಿಸಿ ಬರಬೇಕಲ್ಲ. ಬಾಗಿಲವರೆಗೆ ಬಂದ ಮೇಲೆ, ಹೋಗುವುದೆಲ್ಲಿಗೆ, ಮಾತಾಡಿಸುವುದು ಯಾರನ್ನು ಎಂದು ಹೊಳೆದು, ಹೊಸ್ತಿಲ ಮೇಲೆ ಕೂತುಬಿಟ್ಟೆ. ಪೇಪರು ಓದಲು ಬಂದ ಸಿದ್ದಣ್ಣ ನನ್ನ ಮುಖ ನೋಡಿ, "ಯಾಕ್ರಿ ಸರ?" ಎಂದ. ಒಳಗಿನಿಂದ ಮಹಾನಂದಾ ಹೇಳಿದಳು: "ಇವರ ಪೈಕಿ ಒಬ್ರು ತೀರಿಕೊಂಡಾರ."

ಸಿದ್ದಣ್ಣ ಪೇಪರು ಮಡಿಚಿಟ್ಟು ಹೋದ. ಕಾಲು ಗಂಟೆಯಲ್ಲಿ ಶಕುಂತಲಾ ಬಂದಳು, ಎದುರಿನ ಮನೆಯ ಬಶೀರ್ ಚಾಚಾ ಬಂದರು, ಓಣಿಯ ಇನ್ನೂ ಆರೇಳು ಜನ ಬಂದರು. ಜಮಖಾನೆ ಹಾಸಿದೆವು. ಎಲ್ಲರೂ ಮೊದಲು ಸುಮ್ಮನೆ ಕೂತರು. ಆಮೇಲೆ ಚಾಚಾ, "ಹೆಂಗಾಯ್ತ್ರಿ?" ಎಂದರು. ಮೊದಲಿನಿಂದ ಹೇಳಿದೆ. ಸರಪಳಿ ಹಾಕಿದ ಬಾಗಿಲು, ಉಕ್ಕಿದ ಕಾಫಿ, ಟ್ರಾಮು, ಆ ನರ್ಸ್. ಚಪ್ಪಲಿ ಸ್ಟ್ಯಾಂಡಿನ ಕಡೆ ಎಲ್ಲರೂ ಒಮ್ಮೆ ತಿರುಗಿ ನೋಡಿದರು. ಹೃದಯದ ಸುದ್ದಿ ಬಂದಾಗ ಸಿದ್ದಣ್ಣ ತಡೆದುಕೊಳ್ಳಲಿಲ್ಲ.

"ನಮ್ಮ ಮಾವಗೂ ಹಿಂಗೇ ಆಗಿತ್ತು ನೋಡ್ರಿ."

"ಈಗ ಹೆಂಗದಾರ?" ಎಂದೆ.

"ತೀರಿಕೊಂಡ್ರು."

ನನ್ನ ಹೊಟ್ಟೆ ಅಲುಗಿತು. ಭುಜ ಅಲುಗಿತು. ಸಾವಿಗೆ ಮಾತಾಡಿಸಲು ಬಂದವರ ನಡುವೆ ಕೂತು ನಕ್ಕೆ. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಬಶೀರ್ ಚಾಚಾ ನನ್ನ ಬೆನ್ನ ಮೇಲೆ ಕೈಯಿಟ್ಟು, "ಸಬೂರ್ ಮಾಡ್ರಿ, ಸಬೂರ್ ಮಾಡ್ರಿ. ಅಂದಹಂಗ ಅವರು ನಿಮಗ ಏನಾಗಬೇಕಿತ್ರಿ?" ಎಂದು ಕೇಳಿದರು.

ಈ ಸಲ ಕಾಲಮು ಖಾಲಿ ಬಿಡಲಿಲ್ಲ.

"ಕೆಳಗಿನ ಮನಿಯವರು" ಎಂದೆ.

"ಓಹೋ" ಎಂದು ಚಾಚಾ ತಲೆ ತಗ್ಗಿಸಿದರು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಶಕುಂತಲಾ ಸೆರಗು ಸರಿಮಾಡಿಕೊಂಡು ಎದ್ದು, ಒಳಗೆ ಚಹಾಕ್ಕೆ ನೀರಿಡಲು ಹೊರಟಿದ್ದ ಮಹಾನಂದಾಳ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡಳು.

"ಬಿಡ್ರಿ ವೈನಿ. ಬುತ್ತಿ ನಾ ತರ್ತೀನಿ."

ಅಂದು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.